ನೀಲಿ ಕೊರಳಿನ ಆಕಳು

ಕ್ಯಾನ್ಸರಿಗೆಂದು ಮಾಡಿದ ಔಷಧಗಳನ್ನು ರಕ್ತಕ್ಕೆ ಸೇರುವ ರೋಗಾಣುಗಳ ಮೇಲೂ ಪ್ರಯೋಗಿಸುತ್ತಾರಂತೆ ಎಂದು ಯಾರಾದರೂ ಬೆರಗಿನಿಂದ ಹೇಳಿದರೆ ನನಗೆ ನಗು ಬರುತ್ತದೆ. ಒಂದಕ್ಕೆಂದು ಮಾಡಿದ್ದು ಇನ್ನೊಂದಕ್ಕೆ ಒದಗುವುದನ್ನು ನಾನು ದುಂಡಸಿಯ ನಮ್ಮ ದನದ ಮನೆಯಲ್ಲೇ ನೋಡಿದ್ದೇನೆ.

ಎಪ್ಪತ್ತರ ದಶಕದ ಮಾತು. ಗಬ್ಬವಾಗಿದ್ದ ನಮ್ಮ ಬಿಳಿ ಆಕಳು ಮೇವು ಬಿಟ್ಟಿತು. ಮೈ ಸುಡುತ್ತಿತ್ತು, ಗಂಜಳ ಹಾಲಿಲ್ಲದ ಚಹಾದ ಬಣ್ಣಕ್ಕೆ ತಿರುಗಿತ್ತು. ಅದನ್ನು ಕರುವಿನಿಂದ ಸಾಕಿದ್ದ ಅಜ್ಜಿ ತಾನೂ ಊಟ ಬಿಟ್ಟಳು.

ಶಿಗ್ಗಾಂವದಿಂದ ಬಸ್ಸಿನಲ್ಲಿ ದನದ ಡಾಕ್ಟರು ಬಂದರು. ಕಿವಿ ಚುಚ್ಚಿ, ಗಾಜಿನ ಮೇಲೆ ಒಂದು ಹನಿ ರಕ್ತ ಸವರಿಕೊಂಡರು. ಮೈಗಂಟಿದ ಉಣ್ಣಿ ಕಚ್ಚಿ ರಕ್ತದೊಳಗೆ ಹುಳ ಸೇರಿವೆ, ಹೊಸ ಔಷಧ ಬರುವ ತನಕ ಕಾಯುವಂತಿಲ್ಲ, ಹಳೆಯದೊಂದಿದೆ, ಅದು ಮೊದಲು ಬಟ್ಟೆಗೆ ಹಾಕುತ್ತಿದ್ದ ನೀಲಿ ಬಣ್ಣ ಎಂದರು.

"ನಮ್ಮ ಆಕಳಾ ಏನ್ ಸೀರಿ ಏನ್ರಿ, ಬಣ್ಣಾ ಹಾಕಾಕ?" ಎಂದು ಅಜ್ಜಿ ಸಿಡುಕಿದಳು.

"ಆ ಬಣ್ಣಕ್ಕ ಹುಳಾ ಸಾಯ್ತಾವ್ರಿ ಯವ್ವಾ. ಇವತ್ತ ಹಾಕ್ಲಿಲ್ಲಂದ್ರ ಆಕಳಾನೂ ಉಳಿಯೂದಿಲ್ಲ, ಹೊಟ್ಟ್ಯಾಗಿನ ಕರಾನೂ ಉಳಿಯೂದಿಲ್ಲ."

ಅಜ್ಜಿ ಹಗ್ಗ ಹಿಡಿದು ಕಣ್ಣು ಮುಚ್ಚಿಕೊಂಡಳು. ಕೊರಳಿನ ನರಕ್ಕೆ ಸೂಜಿ ಇಳಿಯಿತು. ಸಂಜೆಯ ಹೊತ್ತಿಗೆ ಆಕಳಿನ ಒಸಡು, ಕಣ್ಣಿನ ಒಳಗು, ಕೊರಳಿನ ತೊಗಲು ಎಲ್ಲ ನೀಲಿ! ಅವ್ವ ಗಾಬರಿಯಾದಳು. ಅಜ್ಜಿ ಮಾತ್ರ ಆ ಕೊರಳನ್ನೇ ಬಹಳ ಹೊತ್ತು ನೋಡಿ, ವಿಭೂತಿ ತಂದು ಹಚ್ಚಿದಳು.

"ವಿಷಾ ಕುಡದ ಶಿವನ ಕೊಳ್ಳೂ ನೀಲಿ ಆಗಿತ್ತು. ಇನ್ನ ಇದಕ್ಕ ಏನೂ ಆಗೂದಿಲ್ಲ."

ಮೂರನೆಯ ದಿನ ಆಕಳು ಮೇವಿಗೆ ಬಾಯಿ ಹಾಕಿತು. ಅಜ್ಜಿಯೂ ರೊಟ್ಟಿ ಮುರಿದಳು. ನಮಗಾದ ಸಂತೋಷ ಅಷ್ಟಿಷ್ಟಲ್ಲ.

ಮರುವಾರ ನೋಡಿಹೋಗಲು ಬಂದ ಡಾಕ್ಟರು ಅಂಗಳದಲ್ಲೇ ನಿಂತುಬಿಟ್ಟರು. ನಮ್ಮ ಎರಡು ಎತ್ತು, ಪಕ್ಕದ ಮನೆಯ ಹೋರಿ, ಎಲ್ಲದರ ಕೊರಳೂ ನೀಲಿ. ಕಪ್ಪು ಎಮ್ಮೆಯನ್ನೂ ಬಿಟ್ಟಿರಲಿಲ್ಲ. ಅಪ್ಪನ ಧೋತರಕ್ಕೆ ಹಾಕುವ ನೀಲಿ ಪುಡಿಯನ್ನು ಅಜ್ಜಿ ಕಲಸಿ ಬಳಿದಿದ್ದಳು.

"ಬ್ಯಾನಿ ಬರೂ ಮುಂಚೇನ ಹಚ್ಚಿಬಿಟ್ಟೇನ್ರಿ!"

ಡಾಕ್ಟರು ಕಟ್ಟೆಯ ಮೇಲೆ ಕುಳಿತು ಹೊಟ್ಟೆ ಹಿಡಿದುಕೊಂಡು ನಕ್ಕರು. ಅಪ್ಪ ನೀಲಿಯಿಲ್ಲದೆ ತಿಂಗಳಿಡೀ ಹಳದಿಗಟ್ಟಿದ ಧೋತರ ಉಟ್ಟು ಸಂತೆಗೆ ಹೋದ.

ಎರಡು ತಿಂಗಳಿಗೆ ಆಕಳು ಕರು ಹಾಕಿತು. ತಾಯಿ, ಕರು ಎರಡೂ ಗಟ್ಟಿಯಾಗಿದ್ದವು. ನಾವೆಲ್ಲ ಹೆಣ್ಣೋ ಗಂಡೋ ಎಂದು ನೋಡುತ್ತಿದ್ದರೆ ಅಜ್ಜಿ ಒದ್ದೆ ಕರುವಿನ ಗದ್ದ ಎತ್ತಿ ಕೊರಳು ನೋಡಿದಳು. ಬೆಳ್ಳಗಿತ್ತು. ಅವಳ ಮುಖ ಒಂದು ಗಳಿಗೆ ಸಪ್ಪಗಾಯಿತು. ಆಮೇಲೆ ಸೆರಗಿನ ಗಂಟು ಬಿಚ್ಚಿ, ಅಪ್ಪನಿಗೆ ಕಾಣದಂತೆ ಎತ್ತಿಟ್ಟುಕೊಂಡಿದ್ದ ನೀಲಿ ಪುಡಿಯಲ್ಲಿ ಬೆರಳು ಅದ್ದಿ, ಆ ಕೊರಳಿಗೆ ಒಂದು ಬೊಟ್ಟು ಇಟ್ಟಳು.