ಕ್ಲೆಮೆಂಟ್‌ನ ಕಬ್ಬಿಣದ ಡಬ್ಬಿ

ಗೆಳೆಯ ಕ್ಲೆಮೆಂಟ್ ಮೂವತ್ತು ವರ್ಷ ವೂಸ್ಟರ್‌ಶೈರ್‌ನ ನಮ್ಮ ಕಾಲುವೆಯಲ್ಲಿ ಮೋಟಾರು ದೋಣಿ ನಡೆಸಿದ. ದೋಣಿಯನ್ನು ಮೆಟ್ಟಿಲು ಮೆಟ್ಟಿಲಾಗಿ ಮೇಲಕ್ಕೇರಿಸುವ ನೀರುಗೇಟುಗಳನ್ನು ತೆರೆಯಲು ತಿರುಗಿಸುವ ಕಬ್ಬಿಣದ ಹಿಡಿಯನ್ನು ವರ್ಷಕ್ಕೊಂದಾದರೂ ನೀರಿಗೆ ಬೀಳಿಸುತ್ತಿದ್ದ. ಆಮೇಲೆ ಹಗ್ಗಕ್ಕೆ ಅಯಸ್ಕಾಂತ ಕಟ್ಟಿ ಇಳಿಬಿಟ್ಟು, ಬೇರೆಯವರು ಬೀಳಿಸಿದ್ದನ್ನೆಲ್ಲ ಎತ್ತುತ್ತಿದ್ದ. ತನ್ನದು ಮಾತ್ರ ಸಿಗುತ್ತಿರಲಿಲ್ಲ.

ತಾನು ಸತ್ತ ಮೇಲೆ ತನ್ನ ಬೂದಿಯನ್ನು ಎಲ್ಲಕ್ಕಿಂತ ಮೇಲಿನ ಗೇಟಿನಾಚೆ ಬಿಡಬೇಕೆಂದು ಕೇಳಿಕೊಂಡಿದ್ದ. ಕಳೆದ ಭಾನುವಾರ ನಾನೂ ಅವನ ಹೆಂಡತಿ ವಿನಿಫ್ರೆಡಳೂ ಅದೇ ದೋಣಿಯಲ್ಲಿ ಹೊರಟೆವು. ಮೂರನೆಯ ಗೇಟಿನಲ್ಲಿ ದೋಣಿ ಗೋಡೆಗೆ ತಾಗಿ, ನನ್ನ ಕೈಲಿದ್ದ ಬೂದಿಯ ಡಬ್ಬಿ ನೀರಿಗೆ ಬಿತ್ತು.

ನನಗೆ ಅಳು ಬಂತು. ವಿನಿಫ್ರೆಡ್ ಚಹಾ ಕುಡಿಯುತ್ತಲೇ ಇದ್ದಳು.

“ಮುಚ್ಚಳಕ್ಕೆ ಮೇಣ ಹಾಕಿದೀನಿ, ಏನೂ ಆಗಲ್ಲ. ಅಯಸ್ಕಾಂತ ಬೆಂಚಿನ ಕೆಳಗಿದೆ, ತಗೋ.”

ಮೊದಲು ಬಂದದ್ದು ಗೇಟು ತಿರುಗಿಸುವ ಒಂದು ಹಿಡಿ, ಕ್ಲೆಮೆಂಟ್ ತನ್ನದೆಂಬ ಗುರುತಿಗೆ ಹಳದಿ ಬಣ್ಣ ಬಳಿದಿದ್ದದ್ದು. ಆಮೇಲೆ ಡಬ್ಬಿ ಬಂತು.

“ಅಂತೂ ತನ್ನದೊಂದು ಹುಡುಕ್ಕೊಂಡ ನೋಡು,” ಎಂದಳು.

“ಸದ್ಯ, ಡಬ್ಬಿ ಕಬ್ಬಿಣದ್ದು.”

“ಅಂಗಡಿಯವನು ಹಿತ್ತಾಳೇದು ತಗೊಳ್ಳಿ, ಲಕ್ಷಣವಾಗಿರತ್ತೆ ಅಂದ. ಹಿತ್ತಾಳೆ ಅಯಸ್ಕಾಂತಕ್ಕೆ ಅಂಟಲ್ವಲ್ಲಪ್ಪ. ಹಿಡ್ಕೊಳ್ಳೋನು ನೀನು ಅಂತ ಗೊತ್ತಿತ್ತು.”

ಮೇಲಿನ ಗೇಟನ್ನು ಆ ಹಳದಿ ಹಿಡಿಯಿಂದಲೇ ತೆರೆದೆ. ಡಬ್ಬಿಯನ್ನು ಅವಳು ನನಗೆ ಮತ್ತೆ ಕೊಡಲಿಲ್ಲ.