ಸಿಸ್ಟರ್ ಓದಿದ ಆರು ಸಾವಿರ ಕಾಮೆಂಟುಗಳು

ಮೂವತ್ತೊಂದು ವರ್ಷ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಅವರನ್ನು ನಿವೃತ್ತಿಯಾದ ಮೇಲೂ ಬೀದಿಯವರೆಲ್ಲ ಸಿಸ್ಟರ್ ಎಂದೇ ಕರೆಯುತ್ತಿದ್ದರು. ಗಂಡನೂ ಒಮ್ಮೊಮ್ಮೆ ಬಾಯಿತಪ್ಪಿ ಹಾಗೇ ಕರೆದು ಬೈಸಿಕೊಳ್ಳುತ್ತಿದ್ದರು.

ನಿವೃತ್ತಿಯ ವರ್ಷವೇ ಅತ್ತೆ ಹಾಸಿಗೆ ಹಿಡಿದರು. ನಡುಮನೆಯ ಕಿಟಕಿ ಪಕ್ಕದ ಮಂಚದಲ್ಲಿ ನಾಲ್ಕು ವರ್ಷ ಮಲಗಿದ್ದರೂ ಅವರ ಬೆನ್ನಿನಲ್ಲಿ ಕೊನೆಯವರೆಗೂ ಒಂದೂ ಹುಣ್ಣಾಗಲಿಲ್ಲ. ಅವರು ತೀರಿಕೊಂಡ ಮೇಲೆ, ಅದು ಹೇಗೆ ಸಾಧ್ಯವಾಯಿತೆಂದು ಕೇಳಿಕೊಂಡು ಬರುವವರು ಹೆಚ್ಚಾದರು. ಹೇಳಿ ಹೇಳಿ ಸಿಸ್ಟರಿಗೆ ಗಂಟಲು ಒಣಗಿತು. "ಬರೆದು ಹಾಕಕ್ಕ, ಬೇಕಾದೋರೆಲ್ಲ ಓದ್ಕೊಳ್ಲಿ," ಎಂದು, ಶಾಲೆಯಲ್ಲಿ ಕಂಪ್ಯೂಟರ್ ಕಲಿಸುವ ತಂಗಿ ಒಂದು ಬ್ಲಾಗ್ ತೆರೆದುಕೊಟ್ಟಳು.

ಸಿಸ್ಟರ್ ಒಂದೇ ಬೆರಳಿನಲ್ಲಿ ಕುಟ್ಟಿ ಕುಟ್ಟಿ ಬರೆದರು. ಮಗ್ಗುಲು ಬದಲಿಸುವುದು ಹೇಗೆ, ಮಲಗಿದವರನ್ನು ಎಬ್ಬಿಸದೆ ಹಾಸಿಗೆಯ ಬಟ್ಟೆ ಬದಲಿಸುವುದು ಹೇಗೆ, ತಲೆ ತೊಳೆಯುವುದು ಹೇಗೆ. ಆದರೆ ಬರಹಕ್ಕಿಂತ ಅದರ ಕೆಳಗಿನ ಕಾಮೆಂಟುಗಳೇ ಬೇಗ ಬೆಳೆದವು. ತಂದೆಯನ್ನು ನೋಡಿಕೊಳ್ಳುತ್ತಿದ್ದ ಟೈಲರಮ್ಮ ಒಬ್ಬರು ಹಿಂದೆ ಗುಂಡಿಯಿರುವ ಅಂಗಿಯ ಅಳತೆ ಬರೆದರು. ಎಲೆಕ್ಟ್ರಿಷಿಯನ್ ಒಬ್ಬ ಮಂಚಕ್ಕೆ ಕರೆಗಂಟೆ ಕಟ್ಟುವ ಬಗೆ ವಿವರಿಸಿದ. ಮುಖ ನೋಡದವರು ಮುಖ ನೋಡದವರಿಗೆ ಧೈರ್ಯ ಹೇಳುತ್ತಿದ್ದರು.

ಒಂದು ದಿನ "ನಿಮ್ಮ ಬರಹ ಅದ್ಭುತ, ಸ್ನೇಹಿತರಿಗೆಲ್ಲ ಹೇಳುತ್ತೇನೆ" ಎಂಬ ಕಾಮೆಂಟ್ ಬಂತು. ಸಿಸ್ಟರ್ ಹಿಗ್ಗಿ, "ಧನ್ಯವಾದ ಸರ್, ನಿಮ್ಮ ಮನೆಯಲ್ಲಿ ಯಾರಿಗೆ ಹುಷಾರಿಲ್ಲ?" ಎಂದು ವಿಚಾರಿಸಿದರು. ಸರ್ ಆಗಲೇ ಅದೇ ಮಾತನ್ನು ಇನ್ನೂ ನಲವತ್ತು ಕಡೆ ಅಂಟಿಸಿ, ಚಪ್ಪಲಿ ಅಂಗಡಿಯೊಂದರ ಲಿಂಕ್ ಇಟ್ಟು ಹೋಗಿದ್ದರು. ಬಸ್ ಕಂಡಕ್ಟರ್ ಆಗಿ ನಿವೃತ್ತರಾಗಿದ್ದ ಗಂಡ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಅದು ಮನುಷ್ಯನೇ ಅಲ್ವಂತೆ ಕಣೇ, ಯಂತ್ರ! ಯಂತ್ರದ ಯೋಗಕ್ಷೇಮ ವಿಚಾರಿಸ್ತಿದ್ದೀಯ."

ನಗು ಬಹಳ ದಿನ ಉಳಿಯಲಿಲ್ಲ. ಕೈಗಡಿಯಾರ, ಲಾಟರಿ, ತೂಕ ಇಳಿಸುವ ಪುಡಿ ಎಂದು ಕಾಮೆಂಟುಗಳು ಇರುವೆ ಸಾಲಿನಂತೆ ನುಗ್ಗಿದವು. ಸಿಸ್ಟರ್ ಒಂದನ್ನು ಅಳಿಸುವಷ್ಟರಲ್ಲಿ ಹತ್ತು ಬರುತ್ತಿದ್ದವು. ಬೇಸತ್ತು ಹಾಗೇ ಬಿಟ್ಟಿದ್ದರು. ಆಗ ಟೈಲರಮ್ಮನ ಫೋನ್ ಬಂತು.

"ಸಿಸ್ಟರ್, ಆ ಎಣ್ಣೆ ಹಚ್ಚಿದ್ಮೇಲೆ ಅಪ್ಪನ ಗಾಯ ಇನ್ನೂ ಕೆಟ್ಟುಹೋಯ್ತು."

"ಯಾವ ಎಣ್ಣೆ?"

"ನಿಮ್ಮ ಪುಟದಲ್ಲೇ ಇತ್ತಲ್ಲ, ಮೂರೇ ದಿನಕ್ಕೆ ಹುಣ್ಣು ಮಾಯ ಅಂತ. ನೀವು ನೋಡೇ ಬಿಟ್ಟಿರ್ತೀರ ಅಂದ್ಕೊಂಡು ತರಿಸಿದೆ."

ಸಿಸ್ಟರ್ ಎದ್ದು ನಿಂತರು. "ಇನ್ನು ಅದನ್ನ ಮುಟ್ಟಬೇಡಮ್ಮ. ಈಗಿಂದೀಗಲೇ ಡಾಕ್ಟರ್ ಹತ್ರ ಕರ್ಕೊಂಡು ಹೋಗು," ಎಂದರು. ಮುದುಕ ಬದುಕಿಕೊಂಡ. ಗಾಯ ಮಾಯಲು ಆರು ವಾರ ಹಿಡಿಯಿತು. ಅಷ್ಟು ದಿನವೂ ಸಿಸ್ಟರ್ ಬೆಳಿಗ್ಗೆ ಸಂಜೆ ಫೋನ್ ಮಾಡಿ ಗಾಯ ಹೇಗಿದೆಯೆಂದು ವಿಚಾರಿಸಿದರು.

"ಕಾಮೆಂಟನ್ನೇ ಮುಚ್ಚಿಬಿಡಕ್ಕ, ಪೀಡೆ ಕಳೀತು," ಎಂದಳು ತಂಗಿ.

"ವಾರ್ಡಿಗೆ ಸೋಂಕು ಬಂತು ಅಂತ ರೋಗಿಗಳನ್ನ ಬೀದಿಗೆ ಹಾಕ್ತಾರೇನೇ? ತೊಳೀತಾರೆ. ನಾನೂ ತೊಳೀತೀನಿ."

ತಾವು ಒಪ್ಪುವ ತನಕ ಹೊಸ ಕಾಮೆಂಟ್ ಯಾವುದೂ ಕಾಣದಂತೆ ಮೊದಲು ತಂಗಿಯಿಂದ ಮಾಡಿಸಿಕೊಂಡರು. ಹಳೆಯವು ಆರು ಸಾವಿರದ ಇನ್ನೂರ ಹದಿನಾಲ್ಕು ಇದ್ದವು. ದಿನಾ ಬೆಳಿಗ್ಗೆ ತಿಂಡಿಯ ತಟ್ಟೆಗಳನ್ನು ಎತ್ತಿಟ್ಟು, ಊಟದ ಮೇಜಿನ ಮುಂದೆ ಗಂಡ ಹೆಂಡತಿ ಕೂರುತ್ತಿದ್ದರು. ಗಂಡ ಜೋರಾಗಿ ಓದುವುದು, ಸಿಸ್ಟರ್ "ಇರ್ಲಿ", "ತೆಗೀರಿ" ಎನ್ನುವುದು.

"ಟಿಕೆಟ್ ಇಲ್ದೋರ ಮುಖ ನೋಡಿದ್ರೇ ಗೊತ್ತಾಗುತ್ತೆ ನಂಗೆ," ಎಂದು ಗಂಡ ಹೆಂಡತಿಯನ್ನು ಕೇಳದೆಯೇ ಒಂದಷ್ಟು ಅಳಿಸಿದರು. ಅದರಲ್ಲಿ ಮೂರು ಸಿಸ್ಟರ್ ಅವರ ಹಳೆಯ ಸಹೋದ್ಯೋಗಿಗಳವು. ಆಮೇಲೆ ಅವರಿಗೆ ಓದುವ ಕೆಲಸ ಮಾತ್ರ ಉಳಿಯಿತು.

ಇಪ್ಪತ್ತಮೂರು ದಿನಕ್ಕೆ ಮುಗಿಯಿತು. ನಿಜವಾದ ಮನುಷ್ಯರು ಬರೆದವು ಮುನ್ನೂರ ಎಂಬತ್ತೇಳು ಉಳಿದವು.

ಮತ್ತೆ ಕಸ ತುಂಬದಿರಲೆಂದು ತಂಗಿ ಒಂದು ಫಿಲ್ಟರ್ ಹಾಕಿಕೊಟ್ಟಳು. ಅದು ಸ್ಪ್ಯಾಮನ್ನೆಲ್ಲ ಹಿಡಿದು ಬೇರೆ ಡಬ್ಬಿಗೆ ಹಾಕುತ್ತಿತ್ತು.

"ನೋಡೋದೇ ಬೇಡ, ದಿನಾ ಖಾಲಿ ಮಾಡ್ತಿರು."

"ನೋಡ್ದೆ ಹೇಗೆ ಬಿಸಾಕಲಿ?" ಎಂದ ಸಿಸ್ಟರ್ ಕನ್ನಡಕ ಏರಿಸಿ ಡಬ್ಬಿಯನ್ನೂ ಓದುತ್ತ ಹೋದರು. ನಾಲ್ಕನೆಯ ದಿನ, ಕೈಗಡಿಯಾರಗಳ ನಡುವೆ ಒಂದೇ ಕಾಮೆಂಟ್ ಹನ್ನೊಂದು ಸಲ ಸಿಕ್ಕಿತು. "ಲಾರಿ ಡ್ರೈವರ್ ನಾನು. ಅಮ್ಮನ ಹಿಮ್ಮಡಿ ಕಪ್ಪಾಗಿದೆ, ಫೋಟೋದ ಲಿಂಕ್ ಹಾಕಿದ್ದೇನೆ. ದಯವಿಟ್ಟು ಯಾರಾದರೂ ಉತ್ತರ ಕೊಡಿ." ಲಿಂಕ್ ಇತ್ತು, ಹೇಳಿದ್ದನ್ನೇ ಹೇಳಿತ್ತು, ಫಿಲ್ಟರ್ ಅದನ್ನು ಕಸವೆಂದೇ ಎಣಿಸಿತ್ತು. ಹನ್ನೊಂದನೆಯದರ ಕೊನೆಗೆ ಅವನು ಫೋನ್ ನಂಬರ್ ಕೊಟ್ಟು, "ಅಲ್ಲಿ ಯಾರೂ ಇಲ್ಲವೇ?" ಎಂದು ಸೇರಿಸಿದ್ದ.

ಸಿಸ್ಟರ್ ಆಗಲೇ ಫೋನ್ ಮಾಡಿದರು. "ಇದ್ದೀನಪ್ಪ, ನಾನಿದ್ದೀನಿ. ಹಿಮ್ಮಡಿ ಹಾಸಿಗೆಗೆ ತಾಗದ ಹಾಗೆ ಮೀನಖಂಡದ ಕೆಳಗೆ ದಿಂಬಿಡು. ಇವತ್ತೇ ಆಸ್ಪತ್ರೆಗೆ ಹೊರಡು. ನಾಳೆ ಅನ್ನಬೇಡ."

ಇನ್ನೊಂದು ವಾರ ತಡವಾಗಿದ್ದರೆ ಪಾದ ತೆಗೆಯಬೇಕಾಗುತ್ತಿತ್ತು ಎಂದರಂತೆ ಡಾಕ್ಟರು. ಪಾದ ಉಳಿಯಿತು. ಸುದ್ದಿ ಕೇಳಿದ ತಂಗಿ, "ಡಬ್ಬಿ ಖಾಲಿ ಮಾಡು ಅಂದಿದ್ದೆನಲ್ಲ ಅಕ್ಕ," ಎಂದು ಕಣ್ಣೊರೆಸಿಕೊಂಡಳು.

ಆದರೂ ದಿನಕ್ಕೆ ಮುನ್ನೂರು ಕಸ ಓದುವುದೆಂದರೆ ಕಣ್ಣು ಬಿದ್ದುಹೋಗುತ್ತದೆ. ಒಂದು ಬೆಳಿಗ್ಗೆ ಸಿಸ್ಟರ್ ತಂಗಿಯನ್ನು ಕೇಳಿದರು: "ಬರೆಯೋಕೆ ಮುಂಚೆ ಒಂದು ಪ್ರಶ್ನೆ ಕೇಳೋ ಹಾಗೆ ಮಾಡಕ್ಕಾಗುತ್ತಾ?" ಆಗುತ್ತಿತ್ತು. ಪ್ರಶ್ನೆಯನ್ನು ಅವರೇ ಬರೆದರು: ಹಾಸಿಗೆ ಹಿಡಿದವರ ಮಗ್ಗುಲನ್ನು ಎಷ್ಟು ಗಂಟೆಗೊಮ್ಮೆ ಬದಲಿಸಬೇಕು? ಉತ್ತರ ಅವರ ಪ್ರತಿ ಬರಹದಲ್ಲೂ ಇತ್ತು. ಆ ಕೆಲಸ ಮಾಡುವವರಂತೂ ನಿದ್ದೆಗಣ್ಣಲ್ಲೂ ಎರಡು ಎನ್ನುತ್ತಾರೆ. ಯಂತ್ರಗಳು ಉತ್ತರದ ಜಾಗದಲ್ಲೂ ಚಪ್ಪಲಿ ಅಂಗಡಿಯ ವಿಳಾಸವನ್ನೇ ತುಂಬಿ ಹೊರಗುಳಿದವು.

ಮಾರನೆಯ ದಿನ ನುಸುಳಿ ಬಂದ ಸ್ಪ್ಯಾಮ್ ಹತ್ತೊಂಬತ್ತೇ. ವಾರದ ಕೊನೆಯ ದಿನ ಬಂದದ್ದು ಒಂದೇ ಒಂದು, ಅದೂ ಎಣ್ಣೆಯವನದು. ಮನುಷ್ಯನಾದ್ದರಿಂದ ಸರಿಯುತ್ತರ ಕೊಟ್ಟು ಒಳಬಂದು, "ನನ್ನ ಹೊಟ್ಟೆಯ ಮೇಲೆ ಹೊಡೆದಿರಿ" ಎಂದು ಬರೆದಿದ್ದ. ಸಿಸ್ಟರ್ ಅದನ್ನು ಗಂಡನಿಂದ ಎರಡು ಸಲ ಜೋರಾಗಿ ಓದಿಸಿದರು.

"ಸರ್ವಿಸ್‌ನಲ್ಲಿ ಯಾರೂ ಇಷ್ಟು ಒಳ್ಳೇ ಸರ್ಟಿಫಿಕೇಟ್ ಕೊಟ್ಟಿರ್ಲಿಲ್ಲ ರೀ. ಈಗ ತೆಗೀರಿ."

ಆ ತಿಂಗಳೇ ಅವರ ಹಳೆಯ ಆಸ್ಪತ್ರೆಯ ಮೇಟ್ರನ್ ಫೋನ್ ಮಾಡಿದರು. ಮನೆಗೆ ಹೊರಟ ಪ್ರತಿ ರೋಗಿಯ ಚೀಟಿಯಲ್ಲಿ ಔಷಧಿಗಳ ಕೆಳಗೆ ಸಿಸ್ಟರ್ ಬ್ಲಾಗಿನ ವಿಳಾಸವನ್ನೂ ಬರೆದುಕೊಡುತ್ತಿದ್ದಾರಂತೆ. ಸೋಮವಾರ ಬೆಳಿಗ್ಗೆ ಪುಟ ತೆರೆದರೆ ಮೂವತ್ತು ಹೊಸ ಕಾಮೆಂಟುಗಳು ಒಪ್ಪಿಗೆಗೆ ಕಾಯುತ್ತಿದ್ದವು. ಸಿಸ್ಟರ್ ಮೇಲಿಂದ ಕೆಳಗೆ ಓದಿದರು. ಮೂವತ್ತೂ ಮನುಷ್ಯರೇ! ಕುರ್ಚಿಯನ್ನು ಮೇಜಿಗೆ ಹತ್ತಿರ ಎಳೆದುಕೊಂಡು ಮೊದಲನೆಯದಕ್ಕೆ ಉತ್ತರ ಬರೆಯತೊಡಗಿದರು.