ಒಪ್ಪಂದದ ಬಾಲ

ಥೆಲ್ಮಾ ಕೊವಾಕ್‌ಳ ಬೆರಳು ತಪ್ಪಿದ್ದೇ ಇಲ್ಲ. ಬರ್‌ಬ್ಯಾಂಕಿನ ಸಿನಿಮಾ ಸ್ಟುಡಿಯೋ ಒಂದರ ಕಾನೂನು ವಿಭಾಗದಲ್ಲಿ ಇಪ್ಪತ್ತೊಂದು ವರ್ಷ ಒಪ್ಪಂದಗಳನ್ನು ಟೈಪ್ ಮಾಡಿದವಳು, ಒಂದು ಕಾಮಾ ಆಚೀಚೆ ಆಗಿದ್ದಿಲ್ಲ. ಪ್ರತಿ ಪುಟದ ಕೆಳಗೆ ಟೈಪಿಸ್ಟಳ ಹೆಸರಿನ ಎರಡಕ್ಷರ ಒತ್ತಬೇಕೆಂಬುದು ಅಲ್ಲಿನ ಕಟ್ಟಳೆ. ಅವಳ ಗಂಡ ಎಮಿಲ್‌ಗೆ ಆ ಎರಡಕ್ಷರ ಕಂಡರೆ ಸಾಕು. "ನೀನು ಹೊಡೆದಿದ್ದನ್ನ ನಾನೇನು ಓದೋದು?" ಎಂದು ನಗುತ್ತಾ ಸಹಿ ಗೀಚಿಬಿಡುತ್ತಿದ್ದ. ಮನೆ ಬಾಡಿಗೆಯ ಕರಾರಿಗೂ ಹಾಗೇ, ತನ್ನ ಸಿನಿಮಾದ ಒಪ್ಪಂದಕ್ಕೂ ಹಾಗೇ.

ಅವನು ಮಾಡಿದ್ದು ಒಂದೇ ಸಿನಿಮಾ, 1956ರಲ್ಲಿ. ಸ್ಯಾನ್ ಪೆಡ್ರೋ ಬಂದರಿನಲ್ಲಿ ಮೀನು ಡಬ್ಬಿ ತುಂಬುವ ಹೆಂಗಸರ ಕಥೆ. ಸ್ಟುಡಿಯೋಗೆ ಕೊಟ್ಟಿದ್ದು ಥಿಯೇಟರಿಗೆ ಮತ್ತು ಟಿವಿಗೆ ಮಾತ್ರ, ಮಿಕ್ಕಿದ್ದೆಲ್ಲ ನನ್ನದು ಎಂದು ಸಾಯುವವರೆಗೂ ಹೇಳುತ್ತಿದ್ದ. "ಯಾರೂ ಅದಕ್ಕೆ ಕತ್ತರಿ ಹಾಕದ ಹಾಗೆ ನೋಡ್ಕೋ ಥೆಲ್ಮಾ" ಎಂದು ಆಸ್ಪತ್ರೆಯಲ್ಲಿ ಕೈ ಹಿಡಿದು ಕೇಳಿದ್ದ. ಅವಳು ಮಾತು ಕೊಟ್ಟಿದ್ದಳು.

1984ರ ಒಂದು ಮಧ್ಯಾಹ್ನ, ಮ್ಯಾಗ್ನೋಲಿಯಾ ರಸ್ತೆಯ ವಿಡಿಯೋ ಅಂಗಡಿಯಲ್ಲಿ ಆ ಸಿನಿಮಾದ ಕ್ಯಾಸೆಟ್ಟು ಕಣ್ಣಿಗೆ ಬಿತ್ತು. ಡಬ್ಬದ ಮೇಲೆ ಸಿನಿಮಾದಲ್ಲಿ ಇಲ್ಲವೇ ಇಲ್ಲದ ಅರೆಬೆತ್ತಲೆ ಹುಡುಗಿ! ಮನೆಗೆ ತಂದು ಹಾಕಿ ನೋಡಿದರೆ ಇಪ್ಪತ್ತು ನಿಮಿಷ ಮಾಯ, ಕೊನೆಯ ಮುಷ್ಕರದ ದೃಶ್ಯಕ್ಕೇ ಕತ್ತರಿ. ಹೊಟ್ಟೆ ಉರಿಯದೆ ಇರುತ್ತದೆಯೇ?

ಅವಳು ಫೋನ್ ಮಾಡಿದ್ದು ವೆಂಡೆಲ್ ಪ್ರೈಸ್‌ಗೆ. ಅವಳ ಮದುವೆಯಲ್ಲಿ ಎಮಿಲ್‌ನ ಪಕ್ಕ ಉಂಗುರ ಹಿಡಿದು ನಿಂತ ಗೆಳೆಯ, ಸ್ಟುಡಿಯೋದ ಒಪ್ಪಂದಗಳನ್ನು ಬರೆಯುತ್ತಿದ್ದ ವಕೀಲ. ಮೂವತ್ತು ವರ್ಷ ಥ್ಯಾಂಕ್ಸ್‌ಗಿವಿಂಗ್ ಹಬ್ಬದೂಟ ಅವಳ ಮನೆಯಲ್ಲೇ ಉಂಡಿದ್ದಾನೆ. ಹಳೇ ಒಪ್ಪಂದದ ಪ್ರತಿ ಹಿಡಿದುಕೊಂಡು ಕಾಫಿ ಅಂಗಡಿಗೆ ಬಂದ.

"ಅಲ್ವೋ ವೆಂಡೆಲ್, ಕ್ಯಾಸೆಟ್ ಅನ್ನೋದು ಆಗ ಕನಸಲ್ಲೂ ಇರ್ಲಿಲ್ಲ. ಅವ್ರಿಗೆ ಹಕ್ಕು ಎಲ್ಲಿಂದ ಬಂತು? ಒಂದು ಕಾಗದ ಬರ್ಕೊಡು, ನಿಲ್ಸೋಣ."

"ನಾಲ್ಕನೇ ಪುಟ ನೋಡು, ಥೆಲ್."

ಅಲ್ಲಿ ಹೀಗಿತ್ತು: ಈಗ ತಿಳಿದಿರುವ ಅಥವಾ ಮುಂದೆಂದಾದರೂ ಕಂಡುಹಿಡಿಯಲಾಗುವ ಯಾವುದೇ ವಿಧಾನದಿಂದ ತೋರಿಸುವ, ಮಾರುವ, ಬದಲಿಸುವ ಹಕ್ಕು ಸ್ಟುಡಿಯೋದ್ದು. ಟೈಪಿಸ್ಟರ ಬಾಯಲ್ಲಿ ಈ ವಾಕ್ಯದ ಹೆಸರು 'ಬಾಲ'. "ಬಾಲ ಹಾಕು" ಅಂದರೆ ಸಾಕು, ಬೆರಳು ತಾನಾಗಿ ಓಡುತ್ತಿತ್ತು.

"ಎಮಿಲ್ ಒಪ್ಪಂದಕ್ಕೆ ಬಾಲ ಬೇಡ ಅಂತ ಮಾತಾಗಿತ್ತಲ್ಲೋ! ನಾನು ಹಾಕೇ ಇರ್ಲಿಲ್ಲ. ಈ ಪುಟ ಯಾರು ಹೊಡೆದಿದ್ದು?"

ಪುಟದ ಬುಡಕ್ಕೆ ಕಣ್ಣು ಹಾಯಿಸಿದಳು. ಒಂದು ಮೂಲೆಯಲ್ಲಿ ಎಮಿಲ್‌ನ ಗೀಚು. ಇನ್ನೊಂದರಲ್ಲಿ ಅವಳದೇ ಎರಡಕ್ಷರ.

ಆಗ ನೆನಪಾಯಿತು. ಎಮಿಲ್ ಸಹಿ ಹಾಕುವ ಮುಂಚಿನ ಶುಕ್ರವಾರ ವೆಂಡೆಲ್ ಬೇರೆ ಬೇರೆ ಒಪ್ಪಂದಗಳ ಒಂದು ಡಜನ್ ನಾಲ್ಕನೇ ಪುಟಗಳನ್ನು ಮೇಜಿನ ಮೇಲೆ ಒಟ್ಟಿ, "ಎಲ್ಲಕ್ಕೂ ಬಾಲ ಹಾಕ್ಬಿಡು" ಎಂದಿದ್ದ. ನಾಲ್ಕನೇ ಪುಟದಲ್ಲಿ ಯಾರ ಹೆಸರೂ ಇರುತ್ತಿರಲಿಲ್ಲ. ಇವಳು ಹನ್ನೆರಡನ್ನೂ ಹೊಡೆದು ಮನೆಗೆ ಹೋಗಿದ್ದಳು.

"ಪುಟ ಬದಲಾಯಿಸಿದ್ದು ನೀನು."

"ಮುಂದೆ ಮನೇಲೇ ಸಿನಿಮಾ ಹಾಕ್ಕೊಂಡು ನೋಡೋ ಅಂಥದ್ದೇನೋ ಬರುತ್ತೆ ಅಂತ ಮೇಲಿನವ್ರಿಗೆ ಆಗ್ಲೇ ವಾಸನೆ ಹತ್ತಿತ್ತು. ನಂಗೂ ಕೆಲ್ಸ ಉಳಿಸ್ಕೋಬೇಕಿತ್ತು. ಅವನ ಸಹಿ ಇದೆ ಥೆಲ್, ಇನ್ನು ಏನೂ ಮಾಡಕ್ಕಾಗಲ್ಲ."

"ಉಂಡ ಮನೆ ಜಂತೆ ಎಣಿಸ್ದೆಯಲ್ಲೋ ಪಾಪಿ!" ಥೆಲ್ಮಾ ಕೂಗಿದಳು. ಪಕ್ಕದ ಮೇಜಿನವರು ತಿರುಗಿ ನೋಡಿದರು. "ಆಫೀಸಲ್ಲಿ ಇನ್ನೂ ಆರು ಜನ ಟೈಪಿಸ್ಟರಿದ್ರು. ನನ್ನ ಕೈಲೇ ಯಾಕೋ ಹೊಡೆಸ್ದೆ?"

ವೆಂಡೆಲ್ ಕಾಫಿ ಬಟ್ಟಲು ಪಕ್ಕಕ್ಕೆ ಸರಿಸಿದ.

"ಬೇರೆ ಯಾರ ಅಕ್ಷರ ಇದ್ದಿದ್ರೂ ಎಮಿಲ್ ಓದ್ತಿದ್ದ ಕಣೇ."